ಡೆಸ್ಕ್‌ಟಾಪಿನಲ್ಲೂ ಲ್ಯಾಪ್‌ಟಾಪಿನಲ್ಲೂ ಅದೇ ಫೈಲು: ಸಿಂಕ್‌ಥಿಂಗ್ ಹೊಂದಿಸಿಕೊಳ್ಳುವ ಕ್ರಮ

"ಮನೆಯ ಡೆಸ್ಕ್‌ಟಾಪಿನಲ್ಲಿ ತಿದ್ದಿದ ಫೈಲು ಲ್ಯಾಪ್‌ಟಾಪಿಗೆ ತಾನಾಗಿಯೇ ಬರಬೇಕು. ಪೆನ್‌ಡ್ರೈವ್ ಹಿಡಿದು ಓಡಾಡಿ ಸಾಕಾಗಿದೆ. ಏನು ಮಾಡಲಿ?" ಓದುಗರಿಂದ ಪದೇ ಪದೇ ಬರುವ ಪ್ರಶ್ನೆ ಇದು. ಕೇಳುವವರಲ್ಲಿ ಮೇಷ್ಟ್ರುಗಳಿದ್ದಾರೆ, ಡಿಟಿಪಿ ಕೆಲಸದವರಿದ್ದಾರೆ, ಪಿಎಚ್‌ಡಿ ಬರೆಯುತ್ತಾ ಕೂತವರಿದ್ದಾರೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಇಲ್ಲಿ ಬರೆದಿಡುತ್ತಿದ್ದೇನೆ.

ನಿಮ್ಮದು ಬರೀ ನಾಲ್ಕಾರು ವರ್ಡ್ ಕಡತಗಳಾದರೆ ಇಷ್ಟೆಲ್ಲ ತಲೆಕೆಡಿಸಿಕೊಳ್ಳಬೇಡಿ. ಗೂಗಲ್ ಡ್ರೈವ್ 15 ಜಿಬಿ ಜಾಗವನ್ನು ಪುಕ್ಕಟೆ ಕೊಡುತ್ತದೆ (ಜಿಮೇಲ್ ಮತ್ತು ಫೋಟೋಗಳೂ ಅದರಲ್ಲೇ ಸೇರುತ್ತವೆ), ಒನ್‌ಡ್ರೈವ್ 5 ಜಿಬಿ, ಡ್ರಾಪ್‌ಬಾಕ್ಸ್ 2 ಜಿಬಿ. ಯಾವುದಾದರೊಂದನ್ನು ಎರಡೂ ಕಂಪ್ಯೂಟರಿಗೆ ಹಾಕಿಕೊಂಡರೆ ಮುಗಿಯಿತು. ಈ ಲೇಖನ ಸ್ಕ್ಯಾನ್ ಮಾಡಿದ ಪುಸ್ತಕ, ಫೋಟೋ, ಧ್ವನಿಮುದ್ರಣ ಎಂದು ಐವತ್ತು, ನೂರು ಜಿಬಿ ಇಟ್ಟುಕೊಂಡವರಿಗೆ. ತಮ್ಮ ಕಡತಗಳು ಬೇರೆ ಯಾರದೋ ಸರ್ವರಿನಲ್ಲಿ ಕೂರುವುದು ಬೇಡ ಎನ್ನುವವರಿಗೂ ಹೌದು.

ಅಂಥವರಿಗೆ ನಾನು ಹೇಳುವುದು ಸಿಂಕ್‌ಥಿಂಗ್. 2013ರಿಂದ ಇರುವ ಮುಕ್ತ ತಂತ್ರಾಂಶ, ಹಣ ಕೊಡಬೇಕಿಲ್ಲ, ಖಾತೆ ತೆರೆಯಬೇಕಿಲ್ಲ. ನಿಮ್ಮ ಎರಡು ಕಂಪ್ಯೂಟರುಗಳು ನೇರವಾಗಿ ಪರಸ್ಪರ ಮಾತಾಡಿಕೊಂಡು ಫೈಲುಗಳನ್ನು ಸರಿದೂಗಿಸುತ್ತವೆ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ. ಒಂದೇ ಷರತ್ತು: ಫೈಲು ದಾಟಬೇಕಾದರೆ ಎರಡೂ ಯಂತ್ರಗಳು ಸ್ವಲ್ಪ ಹೊತ್ತಾದರೂ ಏಕಕಾಲಕ್ಕೆ ಆನ್ ಆಗಿದ್ದು ನೆಟ್‌ವರ್ಕಿನಲ್ಲಿರಬೇಕು. ನಡುವೆ ಕಡತ ಕೂಡಿಡುವ ಸರ್ವರ್ ಇಲ್ಲದ ಮೇಲೆ ಇದಕ್ಕೆ ಬೇರೆ ದಾರಿಯಿಲ್ಲ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಸಿಂಕ್ ಎಂದರೆ ಎರಡು ಫೋಲ್ಡರುಗಳನ್ನು ಸದಾ ಒಂದೇ ಸ್ಥಿತಿಯಲ್ಲಿ ಇಡುವುದು. ಈ ಕಡೆ ಅಳಿಸಿದರೆ ಆ ಕಡೆಯೂ ಅಳಿಯುತ್ತದೆ, ಈ ಕಡೆ ಕೆಟ್ಟರೆ ಆ ಕಡೆಯೂ ಕೆಡುತ್ತದೆ. ಆದ್ದರಿಂದ ಇದು ಬ್ಯಾಕಪ್ ಅಲ್ಲ. ಶುರು ಮಾಡುವ ಮುನ್ನ ಎರಡೂ ಕಂಪ್ಯೂಟರಿನ ಮುಖ್ಯ ಕಡತಗಳನ್ನು ಒಂದು ಹೊರಗಿನ ಹಾರ್ಡ್‌ಡಿಸ್ಕಿಗೆ ನಕಲು ಮಾಡಿ, ಅದರ ಕೇಬಲ್ ಕಿತ್ತು ಪಕ್ಕಕ್ಕಿಡಿ. ಮುಂದಿನದೆಲ್ಲ ಆಮೇಲೆ.

ಹಂತ 1: ಅಸಲು ಪ್ರತಿ ಯಾವುದೆಂದು ತೀರ್ಮಾನಿಸಿ

ತಂತ್ರಾಂಶ ಇಳಿಸಿಕೊಳ್ಳುವ ಅವಸರದಲ್ಲಿ ಎಲ್ಲರೂ ಹಾರಿಬಿಡುವ ಹಂತ ಇದು. ಮುಂದೆ ಬರುವ ತೊಂದರೆಗಳಲ್ಲಿ ಮುಕ್ಕಾಲುಪಾಲು ಹುಟ್ಟುವುದೂ ಇಲ್ಲೇ.

ಈಗ ನಿಮ್ಮ ಡೆಸ್ಕ್‌ಟಾಪಿನಲ್ಲಿ ಒಂದು ಫೋಲ್ಡರ್ ಇದೆ, ಲ್ಯಾಪ್‌ಟಾಪಿನಲ್ಲಿ ಅದೇ ಹೆಸರಿನ ಇನ್ನೊಂದಿದೆ. ಪೆನ್‌ಡ್ರೈವಿನಲ್ಲಿ ಸಾಗಿಸಿ ಸಾಗಿಸಿ ಎರಡೂ ಕಲಸಿಹೋಗಿವೆ. ಕೆಲವು ಕಡತ ಇಲ್ಲಿ ಹೊಸದು, ಕೆಲವು ಅಲ್ಲಿ ಹೊಸದು. ಡೆಸ್ಕ್‌ಟಾಪಿನಲ್ಲಿ ಹೋದ ವರ್ಷವೇ ಅಳಿಸಿದ ಕಸ ಲ್ಯಾಪ್‌ಟಾಪಿನಲ್ಲಿ ಇನ್ನೂ ಹಾಗೇ ಇದೆ. ಇವೆರಡನ್ನು ನೇರವಾಗಿ ಜೋಡಿಸಿದರೆ ಸಿಂಕ್‌ಥಿಂಗ್ ಎರಡನ್ನೂ ಒಟ್ಟುಗೂಡಿಸುತ್ತದೆ. ಅಳಿಸಿದ ಕಸ ಮತ್ತೆ ಎದ್ದು ಬರುತ್ತದೆ. ಹೆಸರು ಒಂದೇ, ಒಳಗಿನದು ಬೇರೆ ಎಂಬ ಕಡತಗಳೆಲ್ಲ ಎರಡೆರಡಾಗಿ ನಿಲ್ಲುತ್ತವೆ.

ಹಾಗಾಗಿ ಹೀಗೆ ಮಾಡಿ. ಹೆಚ್ಚು ಕೆಲಸ ನಡೆದಿರುವ ಯಂತ್ರವನ್ನು ಅಸಲು ಎಂದು ಇಟ್ಟುಕೊಳ್ಳಿ. ಡೆಸ್ಕ್‌ಟಾಪ್ ಎಂದೇ ಅಂದುಕೊಳ್ಳೋಣ. ಲ್ಯಾಪ್‌ಟಾಪಿನಲ್ಲಿರುವ ಫೋಲ್ಡರಿನ ಹೆಸರನ್ನು "ಹಳೆಯದು" ಎಂದು ಬದಲಿಸಿ. ಸಿಂಕಿಗೆ ಅಲ್ಲಿ ಹೊಸ ಖಾಲಿ ಫೋಲ್ಡರ್ ಕೊಡಿ. ಡೆಸ್ಕ್‌ಟಾಪಿನದೆಲ್ಲ ಅದಕ್ಕೆ ಬಂದು ತುಂಬಿದ ಮೇಲೆ, "ಹಳೆಯದು" ಫೋಲ್ಡರಿನಲ್ಲಿ ಮಾತ್ರ ಇರುವ, ಇಲ್ಲವೇ ಅಲ್ಲಿ ಹೆಚ್ಚು ಹೊಸದಾಗಿರುವ ಕಡತಗಳನ್ನು ನೀವೇ ನೋಡಿ ಒಂದೊಂದಾಗಿ ತನ್ನಿ. ಕಣ್ಣಲ್ಲಿ ತಾಳೆ ನೋಡುವುದು ಕಷ್ಟವಾದರೆ ವಿಂಡೋಸಿನಲ್ಲಿ ವಿನ್‌ಮರ್ಜ್ ಎಂಬ ಉಚಿತ ತಂತ್ರಾಂಶವಿದೆ; ಎರಡು ಫೋಲ್ಡರು ತೋರಿಸಿದರೆ ವ್ಯತ್ಯಾಸದ ಪಟ್ಟಿ ಕೊಡುತ್ತದೆ. ಬೇಸರದ ಕೆಲಸ, ಒಪ್ಪುತ್ತೇನೆ. ಆದರೆ ಒಂದೇ ಸಲ ಮಾಡುವುದು.

ಹಂತ 2: ಎರಡೂ ಕಂಪ್ಯೂಟರಿನ ಗಡಿಯಾರ ನೋಡಿ

ಒಂದೇ ಕಡತ ಎರಡೂ ಕಡೆ ಬದಲಾಗಿದ್ದರೆ, ಯಾವುದು ಹೊಸದೆಂದು ಸಿಂಕ್‌ಥಿಂಗ್ ನಿರ್ಧರಿಸುವುದು ಕಡತದ ಮೇಲಿರುವ ಸಮಯ ನೋಡಿ. ಹಳೇ ಡೆಸ್ಕ್‌ಟಾಪುಗಳಲ್ಲಿ ಮದರ್‌ಬೋರ್ಡಿನ ಪುಟ್ಟ ಬ್ಯಾಟರಿ (ಸಿಆರ್2032 ಎಂಬ ನಾಣ್ಯದಾಕಾರದ ಸೆಲ್) ಸತ್ತಿದ್ದರೆ, ಕರೆಂಟ್ ಹೋಗಿ ಬಂದಾಗಲೆಲ್ಲ ತಾರೀಖು ಹಲವು ವರ್ಷ ಹಿಂದಕ್ಕೆ ಜಾರುತ್ತದೆ. ಆಗ ನಿಮ್ಮ ಇವತ್ತಿನ ತಿದ್ದುಪಡಿಯೇ ಹಳೆಯದೆಂದು ಲೆಕ್ಕವಾಗುತ್ತದೆ. ಸೆಲ್ ಬದಲಿಸಿ, ಸಮಯವನ್ನು ಇಂಟರ್‌ನೆಟ್ಟಿನಿಂದ ತಾನಾಗಿ ಪಡೆಯುವಂತೆ ಎರಡರಲ್ಲೂ ಹೊಂದಿಸಿ.

ಹಂತ 3: ಅಳವಡಿಸಿ

ವಿಂಡೋಸಿನವರು ಸಿಂಕ್‌ಥಿಂಗ್‌ನ ಅಧಿಕೃತ ತಾಣದ ಡೌನ್‌ಲೋಡ್ ಪುಟಕ್ಕೆ ಹೋಗಿ "ಸಿಂಕ್‌ಥಿಂಗ್ ವಿಂಡೋಸ್ ಸೆಟಪ್" ಎಂಬುದನ್ನು ಇಳಿಸಿಕೊಳ್ಳಿ. ಬರೀ ಜಿಪ್ ಕಡತವೂ ಅಲ್ಲಿರುತ್ತದೆ. ಅದನ್ನು ತೆಗೆದುಕೊಂಡರೆ ಕಪ್ಪು ಕಿಟಕಿಯೊಂದು ಸದಾ ತೆರೆದಿರುತ್ತದೆ, ಅದನ್ನು ಮುಚ್ಚಿದರೆ ಸಿಂಕೂ ನಿಂತಿತು. ಉಬುಂಟು, ಡೆಬಿಯನ್ ಬಳಸುವವರಿಗೆ ಅವರವರ ಪ್ಯಾಕೇಜ್ ಭಂಡಾರದಲ್ಲೇ ಸಿಗುತ್ತದೆ. ಲಾಗಿನ್ ಆದಾಗ ತಾನೇ ಶುರುವಾಗುವಂತೆ ಮಾಡಿಕೊಳ್ಳುವುದನ್ನು ಮಾತ್ರ ಮರೆಯಬೇಡಿ.

ವಿಂಡೋಸ್ ಫೈರ್‌ವಾಲ್ ಅನುಮತಿ ಕೇಳಿದಾಗ "ಪ್ರೈವೇಟ್ ನೆಟ್‌ವರ್ಕ್" ಎಂಬುದಕ್ಕೆ ಒಪ್ಪಿಗೆ ಕೊಡಿ. ಮನೆಯ ವೈಫೈ "ಪಬ್ಲಿಕ್" ಎಂದು ನಮೂದಾಗಿದ್ದರೆ ನೆಟ್‌ವರ್ಕ್ ಸೆಟಿಂಗಿನಲ್ಲಿ ಅದನ್ನು "ಪ್ರೈವೇಟ್" ಮಾಡಿ. "ಒಂದೇ ವೈಫೈನಲ್ಲಿದ್ದರೂ ಎರಡು ಕಂಪ್ಯೂಟರು ಒಂದನ್ನೊಂದು ಕಾಣುತ್ತಿಲ್ಲ" ಎಂಬ ದೂರಿಗೆ ಬಹಳ ಸಲ ಇದೇ ಕಾರಣ. ಇನ್ನೊಂದು ಕಾರಣ, ಲ್ಯಾಪ್‌ಟಾಪು ರೂಟರಿನ ಅತಿಥಿ ವೈಫೈಗೆ ಸೇರಿಕೊಂಡಿರುವುದು.

ಸಿಂಕ್‌ಥಿಂಗಿಗೆ ಪ್ರತ್ಯೇಕ ಕಿಟಕಿಯಿಲ್ಲ, ಬ್ರೌಸರಿನಲ್ಲೇ ತೆರೆದುಕೊಳ್ಳುತ್ತದೆ. ವಿಳಾಸ 127.0.0.1:8384. ಅದು ನಿಮ್ಮ ಕಂಪ್ಯೂಟರಿನದೇ ಒಳವಿಳಾಸ, ಹೊರಗಿನ ತಾಣವೇನಲ್ಲ. ಮನೆಯಲ್ಲಿ ಬೇರೆಯವರೂ ಅದೇ ಕಂಪ್ಯೂಟರ್ ಬಳಸುವುದಾದರೆ ಸೆಟಿಂಗ್ಸ್‌ಗೆ ಹೋಗಿ ಪಾಸ್‌ವರ್ಡ್ ಇಡಿ.

ಹಂತ 4: ಎರಡಕ್ಕೂ ಪರಿಚಯ ಮಾಡಿಸಿ

ಪ್ರತಿ ಕಂಪ್ಯೂಟರಿಗೂ ಸಿಂಕ್‌ಥಿಂಗ್ ಒಂದು ಡಿವೈಸ್ ಐಡಿ ಕೊಟ್ಟಿರುತ್ತದೆ. ಏಳೇಳು ಅಕ್ಷರಗಳ ಎಂಟು ಗುಂಪು, ಒಟ್ಟು 56 ಅಕ್ಷರ. "ಆ್ಯಕ್ಷನ್ಸ್" ಪಟ್ಟಿಯ "ಶೋ ಐಡಿ" ಒತ್ತಿದರೆ ಕಾಣುತ್ತದೆ. ಡೆಸ್ಕ್‌ಟಾಪಿನಲ್ಲಿ "ಆ್ಯಡ್ ರಿಮೋಟ್ ಡಿವೈಸ್" ಒತ್ತಿ ಲ್ಯಾಪ್‌ಟಾಪಿನ ಐಡಿ ಹಾಕಿ. ಎರಡೂ ಒಂದೇ ವೈಫೈನಲ್ಲಿದ್ದರೆ ಟೈಪ್ ಮಾಡುವ ಕಷ್ಟವೂ ಇಲ್ಲ, ಹತ್ತಿರ ಕಂಡ ಐಡಿಯನ್ನು ಅದೇ ತೋರಿಸುತ್ತದೆ. ಮೊದಲ ಏಳು ಅಕ್ಷರ ತಾಳೆ ನೋಡಿ ಆರಿಸಿಕೊಂಡರೆ ಸಾಕು. ಸ್ವಲ್ಪ ಹೊತ್ತಿಗೆ ಲ್ಯಾಪ್‌ಟಾಪಿನಲ್ಲಿ "ಇಂಥ ಕಂಪ್ಯೂಟರ್ ಸೇರಿಕೊಳ್ಳಲು ಕೇಳುತ್ತಿದೆ" ಎಂಬ ಸೂಚನೆ ಬರುತ್ತದೆ, ಒಪ್ಪಿಕೊಳ್ಳಿ. ಎರಡೂ ಕಡೆ ಒಪ್ಪಿದರಷ್ಟೇ ಸಂಪರ್ಕ. ಹಾಗಾಗಿ ಐಡಿ ಬೇರೆಯವರ ಕಣ್ಣಿಗೆ ಬಿದ್ದರೂ ಅದೊಂದರಿಂದ ಯಾರೂ ಒಳಗೆ ಬರಲಾಗದು.

ಹಂತ 5: ಫೋಲ್ಡರ್ ಹಂಚಿ, ಆದರೆ ವರ್ಷನಿಂಗ್ ಮೊದಲು

ಡೆಸ್ಕ್‌ಟಾಪಿನಲ್ಲಿ "ಆ್ಯಡ್ ಫೋಲ್ಡರ್" ಒತ್ತಿ, ಅಸಲು ಫೋಲ್ಡರಿನ ದಾರಿ ಕೊಡಿ. "ಶೇರಿಂಗ್" ಎಂಬಲ್ಲಿ ಲ್ಯಾಪ್‌ಟಾಪಿನ ಹೆಸರಿಗೆ ಗುರುತು ಹಾಕಿ. ಸೇವ್ ಒತ್ತುವ ಮುನ್ನ "ಫೈಲ್ ವರ್ಷನಿಂಗ್" ಎಂಬಲ್ಲಿಗೆ ಬನ್ನಿ.

ವರ್ಷನಿಂಗ್ ಎಂದರೆ ಅಳಿದ, ಬದಲಾದ ಕಡತದ ಹಳೇ ಪ್ರತಿಯನ್ನು ಎತ್ತಿಡುವುದು. ಇದು ತಾನಾಗಿ ಆನ್ ಆಗಿರುವುದಿಲ್ಲ. ಆಯ್ಕೆಗಳಲ್ಲಿ "ಸ್ಟ್ಯಾಗರ್ಡ್" ನನಗೆ ಮೆಚ್ಚುಗೆ: ಮೊದಲ ಒಂದು ಗಂಟೆಯಲ್ಲಿ 30 ಸೆಕೆಂಡಿಗೊಂದು, ಮೊದಲ ದಿನದಲ್ಲಿ ಗಂಟೆಗೊಂದು, ಮೊದಲ 30 ದಿನದಲ್ಲಿ ದಿನಕ್ಕೊಂದು, ಆಮೇಲೆ ವಾರಕ್ಕೊಂದು ಪ್ರತಿ ಉಳಿಸಿಕೊಂಡು ಮಿಕ್ಕಿದ್ದನ್ನು ಅದೇ ಬಿಸಾಡುತ್ತದೆ. ಜಾಗ ಕಡಿಮೆಯಿದ್ದರೆ "ಟ್ರ್ಯಾಷ್ ಕ್ಯಾನ್" ಸಾಕು.

ಇಲ್ಲೊಂದು ಸೂಕ್ಷ್ಮವಿದೆ. ಆ ಕಡೆಯಿಂದ ಬಂದ ಬದಲಾವಣೆ ಈ ಕಡೆಯ ಕಡತವನ್ನು ಅಳಿಸಿದಾಗ, ತಿದ್ದಿದಾಗ ಮಾತ್ರ ಈ ಕಡೆಯ ವರ್ಷನಿಂಗ್ ಕೆಲಸ ಮಾಡುತ್ತದೆ. ಡೆಸ್ಕ್‌ಟಾಪಿನಲ್ಲಿ ನೀವೇ ಅಳಿಸಿದ ಕಡತದ ಹಳೇ ಪ್ರತಿ ಸಿಗುವುದು ಲ್ಯಾಪ್‌ಟಾಪಿನಲ್ಲಿ! ಒಂದೇ ಕಡೆ ವರ್ಷನಿಂಗ್ ಆನ್ ಮಾಡಿ ನೆಮ್ಮದಿಯಾಗಿ ಇರಬೇಡಿ. ಎರಡೂ ಕಡೆ ಬೇರೆ ಬೇರೆಯಾಗಿ ಆನ್ ಮಾಡಲೇಬೇಕು.

ಈಗ ಸೇವ್ ಒತ್ತಿ. ಲ್ಯಾಪ್‌ಟಾಪಿನಲ್ಲಿ ಫೋಲ್ಡರ್ ಸೇರಿಸಿಕೊಳ್ಳುವ ಸೂಚನೆ ಬರುತ್ತದೆ. ಅದನ್ನೇ ಒಪ್ಪಿಕೊಳ್ಳಿ, ಅಲ್ಲೂ ನೀವಾಗಿ "ಆ್ಯಡ್ ಫೋಲ್ಡರ್" ಒತ್ತಿ ಹೊಸದು ಮಾಡಬೇಡಿ. ಹೆಸರು ಒಂದೇ ಕೊಟ್ಟರೂ ಒಳಗಿನ ಫೋಲ್ಡರ್ ಐಡಿ ಬೇರೆಯಾಗಿ, ಎರಡೂ ಒಂದಕ್ಕೊಂದು ಅಪರಿಚಿತವಾಗಿಯೇ ಉಳಿಯುತ್ತವೆ. ಒಪ್ಪಿಕೊಳ್ಳುವಾಗ ದಾರಿಯನ್ನು ಓದಿ ನೋಡಿ, ಹೊಸ ಖಾಲಿ ಫೋಲ್ಡರಿನದೇ ಇರಬೇಕು.

ವಿಂಡೋಸ್ 11 ಇರುವವರು ಇನ್ನೊಂದನ್ನು ಗಮನಿಸಿ. ಎಷ್ಟೋ ಕಂಪ್ಯೂಟರುಗಳಲ್ಲಿ ಡಾಕ್ಯುಮೆಂಟ್ಸ್ ಮತ್ತು ಡೆಸ್ಕ್‌ಟಾಪ್ ಫೋಲ್ಡರುಗಳು ಕೇಳದೆಯೇ ಒನ್‌ಡ್ರೈವಿನ ಒಳಕ್ಕೆ ಹೋಗಿರುತ್ತವೆ. ಒಂದೇ ಫೋಲ್ಡರನ್ನು ಎರಡು ಸಿಂಕ್ ತಂತ್ರಾಂಶಗಳ ಕೈಗೆ ಕೊಟ್ಟರೆ ಪಂಚಾಯಿತಿ ಮುಗಿಯುವುದಿಲ್ಲ. ಡಿ ಡ್ರೈವಿನಲ್ಲೋ ಬೇರೆಲ್ಲೋ ಪ್ರತ್ಯೇಕ ಫೋಲ್ಡರ್ ಮಾಡಿಕೊಳ್ಳಿ.

ಹಂತ 6: ಬೇಡದ್ದನ್ನು ಹೊರಗಿಡಿ

ವರ್ಡ್ ಕಡತವೊಂದನ್ನು ತೆರೆದಾಗ ಅದರ ಪಕ್ಕದಲ್ಲಿ ~$ ಎಂದು ಶುರುವಾಗುವ ಮರೆಕಡತವೊಂದು ಹುಟ್ಟುತ್ತದೆ, ಮುಚ್ಚಿದಾಗ ಮಾಯವಾಗುತ್ತದೆ. ಲಿಬ್ರೆ ಆಫೀಸಿನದೂ ಇದೇ ಚಾಳಿ. ಇವು ಆ ಕಡೆಗೆ ದಾಟಿದರೆ "ಈ ಕಡತ ಬೇರೆ ಯಾರೋ ತೆರೆದಿದ್ದಾರೆ" ಎಂಬ ತಕರಾರು ಬರುತ್ತದೆ. ಫೋಲ್ಡರಿನ "ಎಡಿಟ್" ಒತ್ತಿ "ಇಗ್ನೋರ್ ಪ್ಯಾಟರ್ನ್ಸ್" ಎಂಬಲ್ಲಿ ಈ ಎರಡು ಸಾಲು ಹಾಕಿ:

~$*
.~*#

ಮೊದಲನೆಯದು ವರ್ಡಿಗೆ, ಎರಡನೆಯದು ಲಿಬ್ರೆ ಆಫೀಸಿಗೆ. ಈ ಪಟ್ಟಿ ಮಾತ್ರ ಸಿಂಕ್ ಆಗುವುದಿಲ್ಲ, ಎರಡೂ ಕಂಪ್ಯೂಟರಿನಲ್ಲಿ ಬರೆಯಬೇಕು.

ಸಿಂಕಿಗೆ ಹಾಕಲೇಬಾರದ ಕೆಲವಿವೆ. ಟ್ಯಾಲಿ ಬಳಸುವವರು ವಿಶೇಷವಾಗಿ ಕೇಳಿ: ಡೇಟಾ ಫೋಲ್ಡರನ್ನು (10000, 100000 ಎಂಬಂಥ ಸಂಖ್ಯೆಯ ಹೆಸರಿನ ಫೋಲ್ಡರುಗಳಿರುವ ಜಾಗ) ನೇರವಾಗಿ ಸಿಂಕ್ ಮಾಡಬೇಡಿ. ಅಲ್ಲಿರುವ ಹಲವು ಕಡತಗಳು ಸೇರಿ ಒಂದು ಲೆಕ್ಕ. ಟ್ಯಾಲಿ ತೆರೆದಿರುವಾಗಲೇ ಅರ್ಧ ಹೊಸದು ಅರ್ಧ ಹಳೆಯದು ದಾಟಿತೆಂದರೆ ಆ ಕಡೆ ಕಂಪನಿ ತೆರೆದುಕೊಳ್ಳದೇ ಹೋಗಬಹುದು. ಟ್ಯಾಲಿಯದೇ ಬ್ಯಾಕಪ್ ತೆಗೆದು, ಆ ಬ್ಯಾಕಪ್ಪನ್ನು ಸಿಂಕ್ ಫೋಲ್ಡರಿನಲ್ಲಿಡಿ. ಔಟ್‌ಲುಕ್ಕಿನ ಪಿಎಸ್‌ಟಿ ಕಡತ, ಬ್ರೌಸರ್ ಪ್ರೊಫೈಲ್, ವರ್ಚುವಲ್ ಮಷೀನ್, ಯಾವುದೇ ಡೇಟಾಬೇಸ್ ಇವೆಲ್ಲಕ್ಕೂ ಇದೇ ಮಾತು.

ಹಂತ 7: ಮೊದಲ ಸಿಂಕ್

ಸೆಕೆಂಡಿಗೆ 5 ಎಂಬಿ ವೇಗ ಸಿಗುವ ವೈಫೈನಲ್ಲಿ 100 ಜಿಬಿ ದಾಟಲು ಸುಮಾರು ಐದೂವರೆ ಗಂಟೆ ಬೇಕು. ಎರಡನ್ನೂ ರೂಟರಿಗೆ ಕೇಬಲ್ಲಿನಿಂದ ಸಿಕ್ಕಿಸಿದರೆ ಬೇಗ ಮುಗಿಯುತ್ತದೆ. ನಡುವೆ ಕರೆಂಟ್ ಹೋದರೆ ಗಾಬರಿ ಬೇಡ. ಬರುತ್ತಿರುವ ಕಡತವನ್ನು ತಾತ್ಕಾಲಿಕ ಹೆಸರಿನಲ್ಲಿ ಬರೆದುಕೊಂಡು, ಪೂರ್ತಿ ಬಂದ ಮೇಲಷ್ಟೇ ಅಸಲು ಹೆಸರಿಗೆ ಬದಲಿಸುತ್ತದೆ. ಅರೆಬರೆ ಕಡತ ನಿಮ್ಮ ಒಳ್ಳೆಯ ಕಡತದ ಮೇಲೆ ಕೂರುವುದಿಲ್ಲ. ಲ್ಯಾಪ್‌ಟಾಪನ್ನು ಫೋನಿನ ಹಾಟ್‌ಸ್ಪಾಟಿಗೆ ಹಾಕಿ ಮಾತ್ರ ಇದನ್ನು ಶುರು ಮಾಡಬೇಡಿ. ದಿನದ ಒಂದೂವರೆ ಜಿಬಿ ಡೇಟಾ ಕಣ್ಣು ಮುಚ್ಚಿ ತೆರೆಯುವುದರಲ್ಲಿ ಖಾಲಿ.

ಎರಡೂ ಕಡೆ ಹಸಿರು ಬಣ್ಣದಲ್ಲಿ "ಅಪ್ ಟು ಡೇಟ್" ಎಂದು ಬಂದ ಮೇಲೆ ಪರೀಕ್ಷೆ. ಡೆಸ್ಕ್‌ಟಾಪಿನಲ್ಲಿ ಒಂದು ಚಿಕ್ಕ ಕಡತ ಮಾಡಿ ಸೇವ್ ಮಾಡಿ. ಬದಲಾವಣೆ ಗಮನಿಸಲು ಸಿಂಕ್‌ಥಿಂಗ್ ಹತ್ತು ಸೆಕೆಂಡು ಕಾಯುತ್ತದೆ, ಆಮೇಲೆ ಲ್ಯಾಪ್‌ಟಾಪಿನಲ್ಲಿ ಕಾಣಬೇಕು. ಅಲ್ಲಿ ತಿದ್ದಿ, ಇಲ್ಲಿ ನೋಡಿ. ಇಲ್ಲಿ ಅಳಿಸಿ, ಅಲ್ಲಿ "ವರ್ಷನ್ಸ್" ಗುಂಡಿ ಒತ್ತಿ ವಾಪಸ್ ತಂದುಕೊಳ್ಳಿ. ವಾಪಸ್ ತರುವುದನ್ನು ಇಂದೇ ಕಲಿತಿಟ್ಟುಕೊಳ್ಳಿ, ಅಗತ್ಯ ಬಿದ್ದ ದಿನ ಕೈ ನಡುಗುತ್ತಿರುತ್ತದೆ.

ದಿನಬಳಕೆಯಲ್ಲಿ ಎಡವುವ ಜಾಗಗಳು

ಎರಡೂ ಕಂಪ್ಯೂಟರು ಸಂಪರ್ಕದಲ್ಲಿಲ್ಲದಾಗ ಒಂದೇ ಕಡತವನ್ನು ಎರಡೂ ಕಡೆ ತಿದ್ದಿದರೆ ಅದು ಕಾನ್‌ಫ್ಲಿಕ್ಟ್, ಅಂದರೆ ಘರ್ಷಣೆ. ಸಿಂಕ್‌ಥಿಂಗ್ ಯಾವುದನ್ನೂ ಎಸೆಯುವುದಿಲ್ಲ. ಹೊಸದು ಅದೇ ಹೆಸರಿನಲ್ಲಿ ಉಳಿಯುತ್ತದೆ. ಹಳೆಯದರ ಹೆಸರಿನ ಮುಂದೆ "ಸಿಂಕ್-ಕಾನ್‌ಫ್ಲಿಕ್ಟ್" ಎಂಬ ಇಂಗ್ಲಿಷ್ ಪದ, ಆಮೇಲೆ 20250614-213205 ಎಂಬಂಥ ಅಂಕಿ, ಕೊನೆಗೆ ಏಳು ಅಕ್ಷರ ಸೇರಿಕೊಳ್ಳುತ್ತವೆ. ಅಂಕಿಯನ್ನು ಬಿಡಿಸಿ ಓದಿ: 2025ರ ಜೂನ್ 14, ರಾತ್ರಿ 9 ಗಂಟೆ 32 ನಿಮಿಷ 5 ಸೆಕೆಂಡು. ಏಳು ಅಕ್ಷರ ಬದಲಿಸಿದ ಕಂಪ್ಯೂಟರಿನ ಐಡಿಯ ಮೊದಲ ಗುಂಪು. ಎರಡನ್ನೂ ತೆರೆದು ಬೇಕಾದ ಭಾಗ ಸೇರಿಸಿ, ಕಾನ್‌ಫ್ಲಿಕ್ಟ್ ಪ್ರತಿ ಅಳಿಸಿ. ವಾರಕ್ಕೊಮ್ಮೆ ಫೋಲ್ಡರಿನಲ್ಲಿ ಆ ಪದ ಹುಡುಕುವ ಅಭ್ಯಾಸ ಒಳ್ಳೆಯದು.

ಘರ್ಷಣೆಯೆಂದೇ ಗೊತ್ತಾಗದ ಇನ್ನೊಂದು ಬಗೆ ಇದಕ್ಕಿಂತ ಕೆಟ್ಟದ್ದು. ಲ್ಯಾಪ್‌ಟಾಪಿನ ನೋಟ್‌ಪ್ಯಾಡಿನಲ್ಲಿ ಒಂದು ಕಡತ ತೆರೆದಿಟ್ಟು ಹಾಗೇ ಬಿಟ್ಟಿದ್ದೀರಿ. ಅದನ್ನೇ ಡೆಸ್ಕ್‌ಟಾಪಿನಲ್ಲಿ ತಿದ್ದಿದಿರಿ, ಹೊಸದು ಲ್ಯಾಪ್‌ಟಾಪಿನ ಡಿಸ್ಕಿಗೂ ಬಂತು. ಆದರೆ ತೆರೆದ ಕಿಟಕಿಯಲ್ಲಿರುವುದು ಹಳೆಯದೇ. ಅದಕ್ಕೆ ಒಂದು ಅಕ್ಷರ ಸೇರಿಸಿ ಸೇವ್ ಒತ್ತಿದರೆ ಹೊಸದರ ಮೇಲೆ ಹಳೆಯದು ಬಿತ್ತು. ಸಿಂಕ್‌ಥಿಂಗಿನ ಕಣ್ಣಿಗೆ ಇದು ಸಹಜವಾದ ಮುಂದಿನ ತಿದ್ದುಪಡಿ, ಕಾನ್‌ಫ್ಲಿಕ್ಟ್ ಪ್ರತಿ ಹುಟ್ಟುವುದಿಲ್ಲ. ಆಗ ಕಾಪಾಡುವುದು ಡೆಸ್ಕ್‌ಟಾಪಿನ ವರ್ಷನಿಂಗ್ ಮಾತ್ರ. ಒಂದು ಯಂತ್ರ ಬಿಟ್ಟು ಏಳುವ ಮುನ್ನ ಕಡತಗಳನ್ನು ಮುಚ್ಚಿ, "ಅಪ್ ಟು ಡೇಟ್" ನೋಡಿ, ಆಮೇಲೆ ಏಳಿ.

"ಸಿಂಕ್ ಆದ ಮೇಲೆ ಕನ್ನಡವೆಲ್ಲ ಕೆಟ್ಟುಹೋಗಿದೆ, ಇಂಗ್ಲಿಷ್ ಅಕ್ಷರಗಳ ಗಜಿಬಿಜಿ ಕಾಣುತ್ತಿದೆ" ಎಂದು ಬರೆಯುವವರಿದ್ದಾರೆ. ಕಡತಕ್ಕೆ ಏನೂ ಆಗಿಲ್ಲ. ನುಡಿ ಅಥವಾ ಬರಹದ ಹಳೇ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಮಾಡಿದ ಕಡತ ಅದು, ಆ ಫಾಂಟು ಲ್ಯಾಪ್‌ಟಾಪಿನಲ್ಲಿಲ್ಲ. ಕಡತ ದಾಟುತ್ತದೆ, ಫಾಂಟು ದಾಟುವುದಿಲ್ಲ. ಫಾಂಟು ಹಾಕಿಕೊಂಡರೆ ಸರಿಹೋಗುತ್ತದೆ. ಗಜಿಬಿಜಿ ಕಂಡಾಗ ಸೇವ್ ಮಾತ್ರ ಒತ್ತಬೇಡಿ.

ಕಡತದ ಹೆಸರನ್ನೇ ಕನ್ನಡದಲ್ಲಿ ಇಡುವವರು, ಅದರಲ್ಲೂ ಒಂದು ವಿಂಡೋಸ್ ಒಂದು ಲಿನಕ್ಸ್ ಇರುವವರು, ಉದ್ದದ ಕಡೆ ಗಮನ ಕೊಡಿ. ವಿಂಡೋಸಿನಲ್ಲಿ ಹೆಸರಿಗೆ 255 ಯೂನಿಕೋಡ್ ಸಂಕೇತಗಳ ಅವಕಾಶವಿದೆ. ಲಿನಕ್ಸಿನ ಸಾಮಾನ್ಯ ಕಡತ ವ್ಯವಸ್ಥೆಯಲ್ಲಿ ಲೆಕ್ಕ ಬೈಟುಗಳಲ್ಲಿ, 255 ಬೈಟು ಅಷ್ಟೇ. ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟು ಬೇಕು, ಒತ್ತಕ್ಷರ, ಸ್ವರಚಿಹ್ನೆಗಳಿಗೂ ಬೇರೆ ಬೇರೆ. "ಕ್ಷೇತ್ರ" ನೋಡಲು ಎರಡೇ ಅಕ್ಷರ, ಒಳಗೆ ಏಳು ಸಂಕೇತ, 21 ಬೈಟು. ವಿಂಡೋಸಿನಲ್ಲಿ ಆರಾಮಾಗಿ ಕೂತಿದ್ದ "ಜಾನಪದ ಕ್ಷೇತ್ರಕಾರ್ಯದ ಟಿಪ್ಪಣಿಗಳು, ಎರಡನೆಯ ಭೇಟಿ, ತಿದ್ದಿದ ಅಂತಿಮ ಪ್ರತಿ, ಮಾರ್ಗದರ್ಶಕರಿಗೆ ಮೊನ್ನೆ ಕಳಿಸಿದ್ದು" ಎಂಬಂಥ ಹೆಸರು ಲಿನಕ್ಸಿಗೆ ಹೋಗಲಾರದೆ ಬಾಗಿಲಲ್ಲೇ ನಿಲ್ಲುತ್ತದೆ. ಫೋಲ್ಡರು "ಔಟ್ ಆಫ್ ಸಿಂಕ್" ಎಂದೇ ತೋರಿಸುತ್ತಿದ್ದರೆ ಮೊದಲು ಹೆಸರು ಗಿಡ್ಡ ಮಾಡಿ ನೋಡಿ. ಲಿನಕ್ಸಿನಿಂದ ವಿಂಡೋಸಿಗೆ ಹೋಗುವಾಗ ಪ್ರಶ್ನಾರ್ಥಕ ಚಿಹ್ನೆ, ವಿವರಣ ಚಿಹ್ನೆ (:), ನಕ್ಷತ್ರ ಇರುವ ಹೆಸರುಗಳಿಗೂ ಇದೇ ಗತಿ.

ಇನ್ನು, ಸಿಂಕ್ ಫೋಲ್ಡರಿನೊಳಗೆ ಸಿಂಕ್‌ಥಿಂಗ್ ತಾನೇ ಮಾಡಿಟ್ಟ ಒಂದು ಮರೆಫೋಲ್ಡರ್ ಇರುತ್ತದೆ, ಚುಕ್ಕಿಯಿಂದ ಶುರುವಾಗುವ ಹೆಸರಿನದು. ಕೆಲಸಕ್ಕೆ ಬಾರದ್ದೆಂದು ಅಳಿಸಬೇಡಿ. ಹೊರಗಿನ ಡಿಸ್ಕ್ ಕಿತ್ತುಹೋದಾಗ "ಎಲ್ಲ ಕಡತ ಅಳಿಸಿದ್ದಾರೆ" ಎಂದು ತಪ್ಪು ತಿಳಿಯದಿರಲು ಇಟ್ಟುಕೊಂಡ ಗುರುತು ಅದು. "ಫೋಲ್ಡರ್ ಮಾರ್ಕರ್ ಮಿಸ್ಸಿಂಗ್" ಎಂಬ ಸಂದೇಶ ಬಂದರೆ ಮೊದಲು ಡಿಸ್ಕು ಸಿಕ್ಕಿಸಿದೆಯೇ, ಕಡತಗಳಿವೆಯೇ ನೋಡಿ.

ಡೆಸ್ಕ್‌ಟಾಪ್ ಮನೆಯಲ್ಲಿ ಆಫ್, ಲ್ಯಾಪ್‌ಟಾಪ್ ಹಾಸ್ಟೆಲಿನಲ್ಲಿ ಆನ್, ಎರಡೂ ಒಟ್ಟಿಗೆ ಎಚ್ಚರವಿರುವುದೇ ಇಲ್ಲ ಎನ್ನುವವರಿಗೆ ಮೂರನೆಯ ಸದಾ ಆನ್ ಇರುವ ಯಂತ್ರವೊಂದು ಬೇಕು. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೆ ಹಾರ್ಡ್‌ಡಿಸ್ಕ್ ಸಿಕ್ಕಿಸಿ ಅದನ್ನೂ ಇದೇ ಫೋಲ್ಡರಿಗೆ ಸೇರಿಸಿದರೆ ನಡುವಿನ ದಲ್ಲಾಳಿಯಾಗಿ ಕೆಲಸ ಮಾಡುತ್ತದೆ. ಎರಡೂ ಆನ್ ಇದ್ದರೆ ಊರು ಬೇರೆಯಾದರೂ ಪರವಾಗಿಲ್ಲ; ನೇರ ಸಂಪರ್ಕ ಸಿಗದಿದ್ದರೆ ರಿಲೇ ಎಂಬ ನಡುಸರ್ವರುಗಳ ಮೂಲಕ, ಗೂಢಲಿಪಿಯಲ್ಲೇ ದಾಟುತ್ತದೆ. ನಿಧಾನ, ಆದರೆ ದಾಟುತ್ತದೆ.

ಲ್ಯಾಪ್‌ಟಾಪ್ ಮಾರುವಾಗ, ಮಕ್ಕಳಿಗೆ ಕೊಡುವಾಗ

ಇದನ್ನು ಯಾರೂ ಕೇಳುವುದಿಲ್ಲ, ಆದ್ದರಿಂದಲೇ ಬರೆಯುತ್ತಿದ್ದೇನೆ. ಹಳೇ ಲ್ಯಾಪ್‌ಟಾಪನ್ನು ಖಾಲಿ ಮಾಡಲು ಹೊರಟವರು ಮೊದಲು ಕೈ ಹಾಕುವುದೇ ಕಡತ ಅಳಿಸಲು. ಸಿಂಕ್‌ಥಿಂಗ್ ಆನ್ ಇದ್ದರೆ ಆ ಅಳಿಸುವಿಕೆ ಡೆಸ್ಕ್‌ಟಾಪಿಗೂ ಹೋಗುತ್ತದೆ. ಮೊದಲು ಲ್ಯಾಪ್‌ಟಾಪಿನಲ್ಲಿ ಫೋಲ್ಡರಿನ "ಎಡಿಟ್" ಒತ್ತಿ "ರಿಮೂವ್" ಆರಿಸಿ. ಅದು ಸಂಬಂಧವನ್ನಷ್ಟೇ ಕಡಿಯುತ್ತದೆ, ಕಡತಗಳನ್ನು ಮುಟ್ಟುವುದಿಲ್ಲ. ಡೆಸ್ಕ್‌ಟಾಪಿನಲ್ಲಿ ಆ ಡಿವೈಸನ್ನೂ ತೆಗೆಯಿರಿ. ಡೆಸ್ಕ್‌ಟಾಪಿನಲ್ಲಿ ಎಲ್ಲವೂ ಇದೆಯೆಂದು ತೆರೆದು ನೋಡಿಕೊಂಡು, ಆಮೇಲೆ ಲ್ಯಾಪ್‌ಟಾಪನ್ನು ಫಾರ್ಮ್ಯಾಟ್ ಮಾಡಿ.